ಸಹಾಯ ಬೇಕು: ಹಳೇ ಲೂಯಿ ವಿಟಾನ್ ಬ್ಯಾಗ್ ಅಸಲಿಯಾ ಅಂತ ನೋಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಕ್ಕನಿಗೆ ಕೊಡಲು ಲೂಯಿ ವಿಟಾನ್‌ನ ಸ್ಪೀಡಿ 30 ಅನ್ನೋ ಮಾದರಿಯ ಸೆಕೆಂಡ್ ಹ್ಯಾಂಡ್ ಬ್ಯಾಗ್ ನೋಡಿದ್ದೇನೆ. ಮಾರುವವರು ಬೆಂಗಳೂರಿನವರೇ, 45,000 ರೂಪಾಯಿ ಹೇಳುತ್ತಿದ್ದಾರೆ. ಅಕ್ಕನಿಗೆ ಇದು ಬಹಳ ದಿನದ ಆಸೆ, ನಕಲಿ ಕೊಟ್ಟರೆ ನನಗೆ ಸಮಾಧಾನ ಇರಲ್ಲ.

ಒಂದು ಬದಿಯಲ್ಲಿ ಎಲ್‌ವಿ ಅಕ್ಷರ ತಲೆಕೆಳಗಾಗಿದೆ. ಅದಕ್ಕೆ ಚಿಂತೆಯಿಲ್ಲ. ಸ್ಪೀಡಿಯಲ್ಲಿ ಒಂದೇ ತುಂಡು ಕ್ಯಾನ್ವಾಸ್ ತಳದಲ್ಲಿ ಹೊಲಿಗೆಯಿಲ್ಲದೆ ಸುತ್ತಿ ಬರುತ್ತದೆ, ಹಾಗಾಗಿ ಅದು ಸರಿಯೇ. ಒಳಗೆ ಬ್ಯಾಗ್ ತಯಾರಾದ ವಾರ, ವರ್ಷ ಹೇಳುವ ಕೋಡ್ ಇದೆ, ಅದರ ಅಂಕಿಗಳು 4128. ಒಂದನೇ, ಮೂರನೇ ಅಂಕಿ ಸೇರಿಸಿದರೆ 42ನೇ ವಾರ, ಎರಡನೇ, ನಾಲ್ಕನೇ ಅಂಕಿ ಸೇರಿಸಿದರೆ 2018. ಅವರು ಕೊಂಡ ವರ್ಷಕ್ಕೂ ಹೊಂದುತ್ತದೆ. ಆದರೆ ಕೋಡನ್ನೂ ನಕಲು ಮಾಡುತ್ತಾರೆ ಅಲ್ವಾ? 2021ರಿಂದ ಕಂಪನಿಯವರು ಕೋಡ್ ಬಿಟ್ಟು ಮೈಕ್ರೋಚಿಪ್ ಹಾಕುತ್ತಿದ್ದಾರೆ, ಇದು ಅದಕ್ಕಿಂತ ಹಳೆಯದು.

ನನಗೆ ಅನುಮಾನ ಇರುವುದು ಹಿಡಿಕೆ ಮೇಲೆ. ದಿನಾ ಬಳಸಿದ್ದೇವೆ ಅನ್ನುತ್ತಾರೆ, ಚರ್ಮ ಮಾತ್ರ ಇನ್ನೂ ಬಿಳಿಚಿಕೊಂಡಿದೆ. ಆ ಚರ್ಮ ಕೈ ತಾಗಿ, ಬಿಸಿಲು ಬಿದ್ದು ಜೇನಿನ ಬಣ್ಣಕ್ಕೆ ತಿರುಗಬೇಕು. ಹಿಡಿಕೆ ಬದಲಿಸಿರಬಹುದಾ? ಹಾಗಿದ್ದರೆ ಜಿಪ್ ಪಕ್ಕದ ಚರ್ಮವಾದರೂ ಕಪ್ಪಾಗಿರಬೇಕಿತ್ತು. ಜೊತೆಗೆ ಅಸಲಿ ಅನ್ನೋ ಕಾರ್ಡ್ ಬೇರೆ ಕೊಡುತ್ತಾರಂತೆ. ಲೂಯಿ ವಿಟಾನ್ ಅಂಥ ಕಾರ್ಡ್ ಕೊಡುವುದೇ ಇಲ್ಲ.

ಸ್ಪೀಡಿ ಬಳಸುವವರು ಯಾರಾದರೂ ನಿಮ್ಮ ಬ್ಯಾಗಿನ ಹೊಲಿಗೆ, ಒಳಗಿನ ಅಚ್ಚು, ಬೀಗದ ಫೋಟೋ ಹಾಕುತ್ತೀರಾ? ಬೆಂಗಳೂರಲ್ಲಿ ಕೈಯಲ್ಲಿ ಹಿಡಿದು ಪರೀಕ್ಷಿಸಿ ಹೇಳುವ ನಂಬಿಕಸ್ತರಿದ್ದರೆ ದಯವಿಟ್ಟು ತಿಳಿಸಿ. ಭಾನುವಾರದೊಳಗೆ ಅಡ್ವಾನ್ಸ್ ಕೇಳುತ್ತಿದ್ದಾರೆ, ನಾನಿನ್ನೂ ಕೊಟ್ಟಿಲ್ಲ.