ಮೊಬೈಲ್ ಮೂಲಕ ಹವ್ಯಾಸದ ಗುಂಪು ಸೇರಿದವರು ಅನುಭವ ತಿಳಿಸುವಿರಾ?

ಪ್ರಶ್ನೆ, ವಿಜಯನಗರ: ನಿವೃತ್ತಿಯ ಬಳಿಕ ಹಾಸನದಿಂದ ಬೆಂಗಳೂರಿನ ಮಗನ ಮನೆಗೆ ಬಂದಿದ್ದೇನೆ, ಹಗಲೆಲ್ಲ ಮಾತಿಗೆ ಜನವಿಲ್ಲ. ಆ್ಯಪ್‌ಗಳಲ್ಲಿ ಹವ್ಯಾಸದ ಗುಂಪು ಹುಡುಕಿ ಮುಖಾಮುಖಿ ಸೇರಿದವರು ಅನುಭವ ತಿಳಿಸಬೇಕಾಗಿ ವಿನಂತಿ. ಮಂಡಿ ನೋವಿರುವುದರಿಂದ ಹೆಚ್ಚು ನಡೆಯಲಾರೆ.

ಬಸವನಗುಡಿ: ಆ್ಯಪ್ ನೋಡಿ ಅಪರಿಚಿತರೊಡನೆ ಶಟಲ್ ಆಡಿ ಸಾಕಾದವನು ನಾನು. ಕೋರ್ಟಿಗೆ ಗಂಟೆಗೆ 500 ರೂಪಾಯಿ. ಒಪ್ಪಿಕೊಂಡ ನಾಲ್ವರಲ್ಲಿ ಇಬ್ಬರು ಬಾರದಿದ್ದರೂ ಬುಕ್ ಮಾಡಿದವನ ಖಾತೆಯಿಂದ ಪೂರ್ತಿ ಹಣ ಹೋಗಿರುತ್ತದೆ. ‘ಆಮೇಲೆ ಕಳಿಸುತ್ತೇನೆ’ ಎಂದವರು ಗುಂಪಿಗೆ ದಿನವೂ ಶುಭೋದಯದ ಚಿತ್ರ ಹಾಕುತ್ತಾರೆಯೇ ಹೊರತು ಹಣ ಹಾಕುವುದಿಲ್ಲ.

ಜಯನಗರ: ಹಣದ ರಗಳೆ ಬೇಡವೆನ್ನುವವರು ಹಕ್ಕಿ ನೋಡಲು ಬರಲಿ. ಲಾಲ್‌ಬಾಗಿನಲ್ಲಿ ತಿಂಗಳ ಎರಡನೆಯ ಭಾನುವಾರದ ಪಕ್ಷಿವೀಕ್ಷಣೆ ಮೊಬೈಲ್ ಬರುವುದಕ್ಕೂ ಮುಂಚಿನದು. ನನಗೆ ಅದರ ಸುಳಿವು ಸಿಕ್ಕಿದ್ದು ಮಾತ್ರ, ಕಂಡ ಹಕ್ಕಿಗಳನ್ನು ಜನ ದಾಖಲಿಸುವ ಇ-ಬರ್ಡ್ ಜಾಲತಾಣದ ಪಟ್ಟಿಗಳಿಂದ. ಮರ್ಲಿನ್ ಆ್ಯಪ್ ದನಿ ಕೇಳಿ ಹಕ್ಕಿಯ ಹೆಸರು ಹೇಳುತ್ತದೆ, ಆದರೆ ಎಲೆಗಳ ನಡುವೆ ಎಲೆಯದೇ ಬಣ್ಣದಲ್ಲಿ ಕುಳಿತ ಕುಟ್ರು ಹಕ್ಕಿಯನ್ನು ‘ಆ ಒಣಕೊಂಬೆಯ ಎಡಕ್ಕೆ ನೋಡಿ’ ಎಂದು ತೋರಿಸಲು ಪಕ್ಕದಲ್ಲೊಬ್ಬರು ಇರಲೇಬೇಕು; ನಮ್ಮ ಗೆಳೆತನ ಬೆಳೆದದ್ದೂ ಹಾಗೆಯೇ. ಖರ್ಚೆಂದರೆ ಬೈನಾಕ್ಯುಲರಿಗೆ 9,500 ರೂಪಾಯಿ, ಮಳೆಗಾಲದಲ್ಲಿ ಮಸೂರಕ್ಕೆ ಹಿಡಿದ ಬೂಷ್ಟು ತೆಗೆಸಲು 1,800, ತೇವ ಹೀರುವ ಸಿಲಿಕಾ ಪೊಟ್ಟಣಗಳು ಬೇರೆ.

ಬಸವನಗುಡಿ: ರಗಳೆಯಿಲ್ಲವೆಂದವರೇ 11,300 ರೂಪಾಯಿಯ ಲೆಕ್ಕ ಕೊಟ್ಟಿದ್ದಾರೆ! ಅಲ್ಲದೆ, ನಿಮ್ಮ ಹಕ್ಕಿ ಬಳಗದವರು ಫೋಟೋಗಾಗಿ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕುವುದನ್ನು ನಮ್ಮ ಪಾರ್ಕಿನಲ್ಲೇ ಕಂಡಿದ್ದೇನೆ.

ಜಯನಗರ: ಅವರು ಕ್ಯಾಮೆರಾದವರು, ನಾವಲ್ಲ. ಮರಿ ಮಾಡುವ ಕಾಲದಲ್ಲಿ ಹಾಗೆ ಕೂಗು ಹಾಕಿದರೆ, ಎದುರಾಳಿ ಬಂದನೆಂದು ಗಂಡುಹಕ್ಕಿ ಇದ್ದ ಕೆಲಸ ಬಿಟ್ಟು ಜಗಳಕ್ಕೆ ಬರುತ್ತದೆ ಎಂಬುದನ್ನು ಹೊಸಬರಿಗೆ ಮೊದಲ ದಿನವೇ ಹೇಳುತ್ತೇವೆ. ತಿಳಿಯದೆ ಆರೋಪ ಹೊರಿಸಬೇಡಿ.

ಮಲ್ಲೇಶ್ವರ: ತಾವಿಬ್ಬರೂ ಸೇರುವವರು, ಸೇರಿಸುವವರ ಪಾಡನ್ನೂ ಕೇಳಿ. ಕಬ್ಬನ್ ಪಾರ್ಕಿನಲ್ಲಿ ಪುಸ್ತಕ ಓದುವ ಕೂಟ ನಡೆಸಲು ನಾನು ಬಳಸಿದ ಜಾಲತಾಣದಲ್ಲಿ ಸದಸ್ಯರಿಗೆ ಎಲ್ಲವೂ ಉಚಿತ, ಚಂದಾ ಮಾತ್ರ ಸಂಘಟಕನ ತಲೆಗೆ. ನವೀಕರಣದ ಹೊತ್ತಿಗೆ ಅದೂ ಏರಿತ್ತು. ‘ಬರುತ್ತೇನೆ’ ಎಂದು ಒತ್ತಿದವರ ಲೆಕ್ಕ ಹಿಡಿದು ನಲವತ್ತು ಖಾರಾ ಬನ್ನು ತರಿಸಿದರೆ ಬಂದವರು ಆರು ಮಂದಿ.

ಬಸವನಗುಡಿ: ಆ ಆರು ಮಂದಿಯಲ್ಲಿ ನಾನೂ ಒಬ್ಬ. ಅಲ್ಲಿ ಓದಿಗಿಂತ ತಮ್ಮ ಭಾಷಣವೇ ಹೆಚ್ಚಾಗಿತ್ತು.

ಮಲ್ಲೇಶ್ವರ: ತಾವು ಮೂರು ಬನ್ನು ತಿಂದಿರಿ, ಅದರ ಹಣ ಇನ್ನೂ ಬಂದಿಲ್ಲ.