ಅಜ್ಜಿಯ ವಯಸ್ಸು, ಅಜ್ಜಿಯ ಗಡ್ಡೆ

ಮಂಗಳವಾರ ರಾತ್ರಿ ನಮ್ಮ ‘ಹೊಸಮನೆ ಬಳಗ’ ಗುಂಪಿನಲ್ಲಿ ನಡೆದ ಮಾತುಕತೆ ಇದು. ನಾನು ನರಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ.

ಸುಮತ್ತೆ (ಫಾರ್ವರ್ಡ್): ‘ಎಂಬತ್ತು ದಾಟಿದವರ ತಲೆಗೆ ಆಪರೇಷನ್ ಮಾಡಿಸಿದರೆ ಅವರು ಮತ್ತೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಆಸ್ಪತ್ರೆಗಳು ಈ ಸತ್ಯವನ್ನು ಮುಚ್ಚಿಡುತ್ತವೆ. ಎಲ್ಲರಿಗೂ ತಲುಪಿಸಿ.’

ಸುಮತ್ತೆ: ಅಮ್ಮನ ಎಂಆರ್‌ಐ ವರದಿ ಬಂದ ದಿನವೇ ಇದು ಸಿಕ್ಕಿದೆ. ನನ್ನ ಭಯವೂ ಇದೇ ಆಗಿತ್ತು.

ಪ್ರಸಾದ: ಅತ್ತೆ, ಇದನ್ನು ಬರೆದವರು ಯಾರು, ಯಾವ ಬಗೆಯ ಗಡ್ಡೆಯ ಬಗ್ಗೆ, ಎಷ್ಟು ರೋಗಿಗಳನ್ನು ನೋಡಿ ಬರೆದರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಆಧಾರ ಎಲ್ಲಿದೆ?

ಅಪ್ಪ: ಪ್ರಸಾದ, ಅತ್ತೆಯನ್ನು ಪಾಟೀಸವಾಲಿಗೆ ನಿಲ್ಲಿಸಬೇಡ. ಅಮ್ಮನಿಗೆ 84 ವರ್ಷ. ಹಣ್ಣಾದ ಜೀವವನ್ನು ನೋಯಿಸದೆ ನೋಡಿಕೊಳ್ಳುವುದೂ ಮಕ್ಕಳ ಧರ್ಮವೇ. ಅಂದು ನಿನ್ನ ತಂದೆ ಅವಸರಪಟ್ಟು ಸಹಿ ಹಾಕಿದ್ದರಿಂದ ನಮ್ಮ ಅಪ್ಪ ಕೊನೆಯ ಹನ್ನೊಂದು ದಿನ ಐಸಿಯುವಿನಲ್ಲಿ ಒಬ್ಬರೇ ಇದ್ದರು.

ಮೋಹನ ಚಿಕ್ಕಪ್ಪ: ಅಣ್ಣ, ಹದಿನಾಲ್ಕು ವರ್ಷಗಳಿಂದ ಈ ಮಾತನ್ನು ಕೇಳುತ್ತಾ ಬಂದಿದ್ದೇನೆ. ವೈದ್ಯರು ಕಾಗದ ಮುಂದಿಟ್ಟಾಗ ನೀವು ‘ನನ್ನಿಂದಾಗದು’ ಎಂದು ಹೊರಗೆ ನಡೆದಿರಿ. ಯಾರಾದರೊಬ್ಬರು ಸಹಿ ಹಾಕಲೇಬೇಕಿತ್ತು.

ನಾಗಣ್ಣ: ಜಗಳ ಬೇಡ. ಸಾರಿಸಿದ ಅಂಗಳದಲ್ಲಿ ಹದಿನೈದರಿಂದ ಒಂದಕ್ಕೆ ಇಳಿಯುವ ಚುಕ್ಕಿಗಳನ್ನು ಅಜ್ಜಿ ಎಣಿಸದೆಯೇ ಇಡುತ್ತಿದ್ದರು. ನಾವು ಮಕ್ಕಳು ಹಿಂದಿನಿಂದ ಎಣಿಸಿದರೆ ಒಂದೂ ತಪ್ಪಿರುತ್ತಿರಲಿಲ್ಲ. ಕಳೆದ ದೀಪಾವಳಿಯ ರಂಗೋಲಿಯ ಫೋಟೋ ಹಾಕಿದ್ದೇನೆ, ನೋಡಿ.

ನಾನು: ನಾಗಣ್ಣ, ಆ ಫೋಟೋವನ್ನು ದೊಡ್ಡದು ಮಾಡಿ ನೋಡು. ಎಡಬದಿಯ ಚುಕ್ಕಿಗಳೇ ಇಲ್ಲ. ಮೆದುಳಿನ ಬಲಭಾಗ ಒತ್ತಡಕ್ಕೆ ಸಿಕ್ಕಾಗ ಎಡಬದಿಯಲ್ಲಿರುವುದು ಗಮನದಿಂದ ಜಾರುವುದುಂಟು. ಅಜ್ಜಿಯ ಗಡ್ಡೆಯೂ ಬಲಕ್ಕೇ ಇದೆ. ವರದಿಯ ಪ್ರಕಾರ ಅದು ಮೆನಿಂಜಿಯೋಮಾದಂತೆ ಕಾಣುತ್ತದೆ, ಎಂದರೆ ಮೆದುಳಿನ ಹೊದಿಕೆಯಲ್ಲಿ ಹುಟ್ಟಿ ನಿಧಾನವಾಗಿ ಬೆಳೆಯುವ, ಬಹುಪಾಲು ಕ್ಯಾನ್ಸರ್ ಅಲ್ಲದ ಗಡ್ಡೆ. ಸಣ್ಣದಿದ್ದು ತೊಂದರೆ ಕೊಡದಿದ್ದರೆ ಆಗಾಗ ಸ್ಕ್ಯಾನ್ ಮಾಡಿ ಕಾಯುತ್ತಾರೆ. ಮೆದುಳಿನೊಳಗೇ ಹುಟ್ಟಿ ಬೇಗ ಬೆಳೆಯುವ ಕ್ಯಾನ್ಸರ್ ಗಡ್ಡೆಯಾದ ಗ್ಲಿಯೋಬ್ಲಾಸ್ಟೋಮಾದ ಕಥೆ ಬೇರೆ: 65 ಮತ್ತು ಅದಕ್ಕೂ ಹೆಚ್ಚು ವಯಸ್ಸಿನವರ ಬಗ್ಗೆ 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮೂರು ವಾರಗಳ ವಿಕಿರಣದ ಜೊತೆ ಟೆಮೋಜೋಲೊಮೈಡ್ ಎಂಬ ಕೀಮೋ ಮಾತ್ರೆ ಕೊಟ್ಟಾಗಲೂ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ 7.6 ತಿಂಗಳಿಂದ 9.3 ತಿಂಗಳಿಗಷ್ಟೇ ಏರಿತು. ಅಲ್ಲಿ ಅಪ್ಪನ ಮಾತಿಗೆ ತೂಕವಿದೆ. ಫಾರ್ವರ್ಡ್ ಮಾಡಿದವರು ಎರಡನ್ನೂ ಒಂದೇ ಮಾಡಿ ಹೆದರಿಸಿದ್ದಾರೆ.

ಸುಮತ್ತೆ: ಮಾತ್ರೆ ಶುರುವಾದ ಮೇಲೆ ಅಮ್ಮ ಚೆನ್ನಾಗಿದ್ದಾರಲ್ಲ? ಗಡ್ಡೆ ಕರಗುತ್ತಿರಬಹುದು.

ನಾನು: ಇಲ್ಲ ಅತ್ತೆ, ಅಜ್ಜಿಗೆ ಕೊಡುತ್ತಿರುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಗಡ್ಡೆಯ ಸುತ್ತಲಿನ ಬಾವನ್ನು ಇಳಿಸಿದೆ, ಅಷ್ಟೇ. ಅದನ್ನೇ ತಿಂಗಳುಗಟ್ಟಲೆ ಕೊಟ್ಟರೆ ಸಕ್ಕರೆ ಏರುತ್ತದೆ, ತೊಡೆಯ ಸ್ನಾಯುಗಳು ಸೋಲುತ್ತವೆ. ಹಾಗೆಂದು ನಾವೇ ನಿಲ್ಲಿಸಕೂಡದು. ಶಸ್ತ್ರಚಿಕಿತ್ಸೆಯ ಅಪಾಯಗಳನ್ನೂ ನಾನು ಮುಚ್ಚಿಡುವುದಿಲ್ಲ. ರಕ್ತಸ್ರಾವ, ಸೋಂಕು, ಅಪಸ್ಮಾರ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಇವೆಲ್ಲ ಇವೆ. ಈ ವಯಸ್ಸಿನವರಿಗೆ ಕೆಲವು ದಿನ ದಿಕ್ಕೇ ತಿಳಿಯದಂತೆ ಗೊಂದಲವಾಗುವುದನ್ನು ವಾರ್ಡಿನಲ್ಲಿ ಎಷ್ಟೋ ರಾತ್ರಿ ಕಂಡಿದ್ದೇನೆ. ಆದರೆ ವೈದ್ಯರು 84 ಎಂಬ ಸಂಖ್ಯೆಯೊಂದನ್ನೇ ನೋಡುವುದಿಲ್ಲ. ಅಜ್ಜಿ ಒಬ್ಬರೇ ನಡೆಯುತ್ತಾರೆಯೇ, ಊಟ ಸೇರುತ್ತದೆಯೇ, ಹೃದಯ, ಮೂತ್ರಪಿಂಡ ಹೇಗಿವೆ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ ಎಂದೆಲ್ಲ ನೋಡುತ್ತಾರೆ.

ಪ್ರಸಾದ: ಅಜ್ಜಿಗೆ ಹೇಳಿದ್ದೀರಾ?

ಸುಮತ್ತೆ: ಇಲ್ಲ. ನಿನ್ನೆ ತಲೆ ಬಾಚುವಾಗ ಅವರೇ ಕೇಳಿದರು, ‘ನನ್ನ ತಲೆಯೊಳಗೆ ಏನಿದೆ ಅಂತ ನನಗೊಬ್ಬಳಿಗೇ ಯಾಕೆ ಗೊತ್ತಿಲ್ಲ?’ ನಾನು ಉತ್ತರ ಕೊಡದೆ ಜಡೆ ಹಾಕಿದೆ.

ಅಪ್ಪ: ನಾಳೆ ಬೆಳಿಗ್ಗೆ ನಾನೇ ಬಂದು ಅಮ್ಮನಿಗೆ ಹೇಳುತ್ತೇನೆ. ಗುರುವಾರ ವೈದ್ಯರ ಎದುರು ಅವರು ಏನು ಹೇಳುತ್ತಾರೋ ಹಾಗೆಯೇ ಆಗಲಿ. ಮೋಹನ, ಕಾರು ನಿನ್ನದೇ ಇರಲಿ. ಈ ಸಲ ನಾನು ಒಳಗೇ ಇರುತ್ತೇನೆ. ಸುಮಾ, ಹೊರಡುವಾಗ ಎಡಗಾಲಿಗೂ ಚಪ್ಪಲಿ ಹಾಕಿಕೊಂಡಿದ್ದಾರೆಯೇ ನೋಡು.