ಬಾಲಿಯಲ್ಲಿ ನಾಟಿ ವೈದ್ಯ, ಕುಣಿತ, ಪೂಜೆ ನೋಡಬೇಕು: ಹೋಗಿಬಂದವರು ಹೇಳಿ

ಪ್ರಶ್ನೆ: ಅಮ್ಮನ ಜೊತೆ ಬಾಲಿಗೆ ಹೊರಟಿದ್ದೇನೆ. ಬೀಚು, ಶಾಪಿಂಗ್ ಬೇಡ. ಅಲ್ಲಿನ ನಾಟಿ ವೈದ್ಯರು, ಕುಣಿತ, ದೇವಸ್ಥಾನದ ಆಚರಣೆ ನೋಡುವ ಆಸೆ. ಏಜೆಂಟರು ಮೂರಕ್ಕೂ ಬೇರೆ ಬೇರೆ ಪ್ಯಾಕೇಜ್ ಇದೆ ಅಂತಾರೆ. ತಗೋಬಹುದಾ? ಅಮ್ಮ ಸಸ್ಯಾಹಾರಿ, ಮೊಣಕಾಲು ನೋವೂ ಇದೆ.

ಉತ್ತರ: ಬೇರೆ ಬೇರೆ ಪ್ಯಾಕೇಜ್ ಬೇಡವೇ ಬೇಡ ಮೇಡಂ. ಅಲ್ಲಿ ಮದ್ದು, ಕುಣಿತ, ಪೂಜೆ ಒಂದರೊಳಗೊಂದು ಸೇರಿಕೊಂಡಿವೆ. ಉದಾಹರಣೆಗೆ ಬರೋಂಗ್ ಕುಣಿತವನ್ನೇ ನೋಡಿ. ಬರೋಂಗ್ ಅಂದರೆ ಊರು ಕಾಯುವ, ಸಿಂಹದಂಥ ದೈವದ ವೇಷ. ಬಾತುಬುಲಾನ್ ಅನ್ನುವ ಊರಿನಲ್ಲಿ ಬೆಳಿಗ್ಗೆ ಟಿಕೆಟ್ ಪ್ರದರ್ಶನ ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ ಊರ ದೇವಸ್ಥಾನದಲ್ಲಿ ಇಟ್ಟು ಪೂಜಿಸುವ ಬರೋಂಗ್ ಬೇರೆ. ಅದರ ಗಡ್ಡ ಮನುಷ್ಯರ ಕೂದಲಿನದು. ಆ ಗಡ್ಡ ಅದ್ದಿದ ನೀರು ಊರವರಿಗೆ ತೀರ್ಥ, ಕಾಯಿಲೆಗೆ ಮದ್ದು. ಮುಖವಾಡದ ಕುಣಿತವೂ ಹಾಗೇ. ಕೊನೆಗೆ ಸಿದಕಾರ್ಯ ಅನ್ನುವ ಬಿಳಿ ಮುಖವಾಡ ಬಂದು ಹಳದಿ ಅಕ್ಕಿ ಎರಚಿದ ಮೇಲೇ ದೊಡ್ಡ ಪೂಜೆ ಪೂರ್ತಿಯಾಗೋದು.

ಇದನ್ನೆಲ್ಲ ನೋಡಬೇಕಾದರೆ ಒಡಲಾನ್‌ಗೆ ಹೋಗಿ. ಅದು ದೇವಸ್ಥಾನದ ಹುಟ್ಟುಹಬ್ಬ. ಹೆಚ್ಚಿನ ಕಡೆ 210 ದಿನಕ್ಕೊಮ್ಮೆ ಬರುತ್ತದೆ. ದೇವಸ್ಥಾನಗಳು ಸಾವಿರಾರು, ಹಾಗಾಗಿ ಎಲ್ಲಾದರೂ ಒಂದು ನಡೀತಾನೇ ಇರುತ್ತದೆ. ಉಬುದ್ ಊರಿನ ಸುತ್ತಮುತ್ತ ಒಂದು ಮನೆಯಲ್ಲಿ ಉಳಿದುಕೊಂಡರೆ ಮನೆಯವರೇ ಹೇಳುತ್ತಾರೆ, ಎಷ್ಟೋ ಸಲ ಕರೆದುಕೊಂಡೂ ಹೋಗುತ್ತಾರೆ. ಸರೋಂಗ್ (ಲುಂಗಿಯಂಥ ಬಟ್ಟೆ) ಉಟ್ಟು ಸೊಂಟಕ್ಕೆ ಪಟ್ಟಿ ಕಟ್ಟಲೇಬೇಕು. ಮುಟ್ಟಾದವರು ಒಳಗೆ ಹೋಗುವಂತಿಲ್ಲ. ಪ್ರಾರ್ಥನೆ ಮುಗಿದ ಮೇಲೆ ತಲೆಗೆ ತೀರ್ಥ ಚಿಮುಕಿಸಿ, ಕುಡಿಯಲೂ ಕೊಡುತ್ತಾರೆ. ಆಮೇಲೆ ನೆನೆಸಿದ ಅಕ್ಕಿ ಕಾಳನ್ನು ಹಣೆಗೆ, ಗಂಟಲ ಕೆಳಗೆ ಅಂಟಿಸಿಕೊಳ್ಳುತ್ತಾರೆ. ನಿಮ್ಮಮ್ಮನಿಗೆ ಖುಷಿಯಾಗುತ್ತದೆ ನೋಡಿ.

ಉತ್ತರ: ಮೇಲಿನವರ ಮಾತು ನಿಜ. ನಾಟಿ ವೈದ್ಯರ ಬಗ್ಗೆ ನಾನು ಹೇಳ್ತೀನಿ. ಅಲ್ಲಿ ಅವರಿಗೆ ಬಾಲಿಯನ್ ಅಂತಾರೆ. ಕೆಲವರು ಉಸಾದ ಅನ್ನುವ ತಾಳೆಗರಿ ಗ್ರಂಥ ಓದಿ ಮದ್ದು ಕೊಡುವವರು. ಕೆಲವರು ಮೈಮೇಲೆ ಬಂದು ಹೇಳುವವರು. ಪ್ರವಾಸಿಗರಿಗಾಗಿಯೇ ಕೂತಿರುವವರೂ ಉಂಟು, ಅವರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ನಿಜವಾಗಿ ತೊಂದರೆ ಇದ್ದರಷ್ಟೇ ಹೋಗಿ, ಭಾಷೆ ಬಲ್ಲ ಸ್ಥಳೀಯರ ಜೊತೆ ಹೋಗಿ. ಕಾಣಿಕೆಯನ್ನು ಹೂವಿನ ತಟ್ಟೆಯಲ್ಲಿಟ್ಟು ಕೊಡುವುದು ರೂಢಿ. ಫೋಟೋ ಕೇಳದೆ ತೆಗೆಯಬೇಡಿ. ಅಮ್ಮನ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು.

ಮೊಣಕಾಲಿಗೆ ಬೋರೆಹ್ ಹಚ್ಚಿಸಿ. ಅಕ್ಕಿ, ಶುಂಠಿ, ಲವಂಗ ಎಲ್ಲ ತರಿತರಿಯಾಗಿ ಅರೆದ ಲೇಪ. ಗದ್ದೆ ಕೆಲಸದವರು ಕಾಲಿಗೆ ಹಚ್ಚಿಕೊಳ್ಳುತ್ತಿದ್ದದ್ದು. ಹಚ್ಚಿದ ಸ್ವಲ್ಪ ಹೊತ್ತಿಗೆ ಬಿಸಿ ಏರುತ್ತದೆ, ಒಣಗಿದ ಮೇಲೆ ಉಜ್ಜಿ ಉದುರಿಸುತ್ತಾರೆ. ಚರ್ಮ ಸೂಕ್ಷ್ಮ ಇದ್ದರೆ ಮೊದಲು ಕೈಗೆ ಸ್ವಲ್ಪ ಹಚ್ಚಿ ನೋಡಿ.

ತಂಪಾಕ್‌ಸಿರಿಂಗ್ ಊರಿನ ತೀರ್ಥ ಎಂಪುಲ್ ಅನ್ನುವ ಪವಿತ್ರ ಬುಗ್ಗೆಯ ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಜನ ಜಾಸ್ತಿ. ಕೊಳದಲ್ಲಿ ಒಂದೊಂದೇ ತೂಬಿಗೆ ಕೈಮುಗಿದು ತಲೆ ಒಡ್ಡುತ್ತಾ ಸಾಗಬೇಕು. ಸಾವಿನ ಕ್ರಿಯೆಗೆ ಮೀಸಲಾದ ತೂಬುಗಳನ್ನು ಮಾತ್ರ ಬಿಡಬೇಕು, ಅಲ್ಲಿನವರನ್ನು ಕೇಳಿಕೊಳ್ಳಿ. ಕಲ್ಲು ಜಾರುತ್ತದೆ, ಅಮ್ಮನ ಕೈ ಹಿಡಿದಿರಿ.

ಉತ್ತರ: ಊಟದ ವಿಷಯ. ಸಂಬಲ್ ಚಟ್ನಿಯಲ್ಲಿ ಹೆಚ್ಚಾಗಿ ತೆರಾಸಿ, ಅಂದರೆ ಸೀಗಡಿ ಪೇಸ್ಟ್ ಇರುತ್ತದೆ. ತರಕಾರಿ ಊಟ ಅಂದರೆ ಸಾಲದು, ಅದು ಬೇಡ ಅಂತ ಬಿಡಿಸಿ ಹೇಳಿ. ತೆಂಪೆ (ಹುದುಗಿಸಿದ ಸೋಯಾ ಕಾಳು), ತೋಫು ಎಲ್ಲ ಕಡೆ ಸಿಗುತ್ತವೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಮಾರ್ಚ್‌ನಲ್ಲಿ ಹೋದರೆ ಹೇಗೆ?

ಉತ್ತರ: ಹೆಚ್ಚಾಗಿ ಆಗಲೇ ನ್ಯೇಪಿ ಬರುತ್ತದೆ, ಅವರ ಶಕ ವರ್ಷದ ಹೊಸ ವರ್ಷ, ಮೌನದ ದಿನ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುವುದು ಜಾಸ್ತಿ. ಆ ದಿನ ವಿಮಾನ ನಿಲ್ದಾಣವೂ 24 ಗಂಟೆ ಬಂದ್, ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. ಹಿಂದಿನ ಸಂಜೆ ಓಗೊ-ಓಗೊ ಅನ್ನುವ ದೊಡ್ಡ ರಾಕ್ಷಸ ಗೊಂಬೆಗಳ ಮೆರವಣಿಗೆ ಇರುತ್ತದೆ, ಬಿಡಬೇಡಿ. ಟಿಕೆಟ್ ಮಾಡುವ ಮುಂಚೆ ಆ ವರ್ಷದ ತಾರೀಖು ನೋಡಿಕೊಳ್ಳಿ.